ಕೇಳಿ ತೆಗೆದುಕೊಂಡ ಅಳತೆ

ನಮ್ಮ ಮಾಸ್ತರರ ಬಲಗಿವಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬಟ್ಟೆಗೆ ಗೆರೆ ಎಳೆಯುವ ಚಾಕಿನ ತುಂಡನ್ನು ಅವರು ಅಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು, ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ. ರಂಜಾನ್ ಹಬ್ಬದ ದಿನ ಹೊಸ ಜುಬ್ಬಾ, ಕಣ್ಣಿಗೆ ಸುರ್ಮಾ, ಮೈಗೆ ಅತ್ತರು ಎಲ್ಲ ಇರುತ್ತಿತ್ತು. ಕಿವಿ ಮಾತ್ರ ಬೆಳ್ಳಗೆ. ಮನೆಯವರು ಒರೆಸಿ ಕಳಿಸಿದರೂ ಈದ್ಗಾದಿಂದ ಮರಳುವಾಗ ಅಂಗಡಿಯ ಬಾಗಿಲು ತೆಗೆದು ಒಳಗೊಂದು ಸುತ್ತು ಹಾಕದೆ ಅವರು ಮನೆಗೆ ಹೋಗುತ್ತಿರಲಿಲ್ಲ. "ಹಬ್ಬದ ದಿನಾನೂ ಅಂಗಡಿ ಯಾಕ್ರಿ ಮಾಸ್ತರ್ರ?" ಎಂದು ಯಾರಾದರೂ ಕೇಳಿದರೆ, "ಮಷೀನಿಗೆ ಮುಬಾರಕ್ ಹೇಳಾಕ ಬಂದೇನಪಾ, ವರ್ಷಾನಗಟ್ಟಲೆ ಅನ್ನ ಹಾಕೈತಿ" ಎನ್ನುತ್ತಿದ್ದರು.

ಅಂಗಡಿ ಇದ್ದದ್ದು ಕೊಪ್ಪಳದಲ್ಲಿ, ಬಜಾರಕ್ಕೆ ಇಳಿಯುವ ಒಂದು ಓಣಿಯೊಳಗೆ. ಗಂಡಸರ ಪ್ಯಾಂಟು, ಅಂಗಿ, ಮದುವೆಯ ಸೂಟು ಹೊಲಿಯುವ ಅಂಗಡಿ. ನಾನು ಯಲಬುರ್ಗಾ ಕಡೆಯವನು. ಡಿಗ್ರಿ ಅರ್ಧಕ್ಕೆ ಕೈಬಿಟ್ಟು, ಅಪ್ಪನ ಬಾಯಿಂದ ಬೇಕಾದಷ್ಟು ಅನ್ನಿಸಿಕೊಂಡು, ಇಪ್ಪತ್ನಾಲ್ಕು ತುಂಬಿದ ಮೇಲೆ ಹೊಲಿಗೆ ಕಲಿಯಲು ಬಂದವನು. ಆ ವಯಸ್ಸಿಗೆ ಬೇರೆಯವರು ಸ್ವಂತ ಅಂಗಡಿ ಇಟ್ಟಿರುತ್ತಾರೆ, ನಾನು ಗುಂಡಿ ಹಚ್ಚುತ್ತ ಕೂತಿದ್ದೆ. ಹೊಲಿಗೆ ಕೆಲಸದಲ್ಲಿ ಹೊಲಿಯುವವರು ಬಹಳ ಜನ ಸಿಗುತ್ತಾರೆ, ಕಟಿಂಗ್ ಗೊತ್ತಿರುವವನೇ ಮಾಸ್ತರ. ಕತ್ತರಿ ಕೈಗೆ ಬರುವವರೆಗೆ ನೀನು ಯಾರದೋ ಅಂಗಡಿಯ ಆಳು. "ದಸರಾ ಮುಗೀಲಿ, ನಿನಗ ಕಟಿಂಗ್ ಹೇಳಿಕೊಡತೀನಿ" ಎಂದು ಮಾಸ್ತರರು ಮಾತು ಕೊಟ್ಟಿದ್ದರು. ಆ ಒಂದು ಮಾತಿನ ಮೇಲೆ ನಾನು ಜೀವ ಹಿಡಿದುಕೊಂಡಿದ್ದೆ ಎಂದರೂ ತಪ್ಪಿಲ್ಲ.

ಅಳತೆ ತೆಗೆದುಕೊಳ್ಳುವುದರಲ್ಲಿ ಮಾಸ್ತರರದೇ ಒಂದು ಪದ್ಧತಿ ಇತ್ತು. ಗಿರಾಕಿ ಬಂದ ಕೂಡಲೇ ಟೇಪು ಎಸೆದು ಸುತ್ತುತ್ತಿರಲಿಲ್ಲ. ಮೊದಲು, "ಇದನ್ನ ಎಲ್ಲಿಗೆ ಹಾಕ್ಕೊಂಡು ಹೋಗೋರು?" ಎಂದು ಕೇಳುವರು. ಆಫೀಸಿಗೋ, ಕನ್ಯಾ ನೋಡಲಿಕ್ಕೋ, ಮಾವನ ಮನೆಗೋ ತಿಳಿಯಬೇಕು. ಆಮೇಲೆ ಒಂದೊಂದೇ ಹೆಸರು ಹೇಳುತ್ತ ಹೋಗುವರು. "ಭುಜಾ ತಗೋಲೇನ್ರಿ?" ಗಿರಾಕಿ ಹೂಂ ಎನ್ನಬೇಕು. "ಎದಿ?" ಹೂಂ. "ಸೊಂಟಾ?" ಹೂಂ. ಟೇಪು ಹಿಡಿದ ಕೈಯ ಹಿಂಭಾಗ ಮಾತ್ರ ಬಟ್ಟೆಗೆ ತಾಗಬೇಕು, ಅಂಗೈ ತಾಗಬಾರದು. ಪ್ಯಾಂಟಿನ ಒಳಗಾಲಿನ ಅಳತೆ ಬಂದಾಗ ಟೇಪಿನ ಮೇಲಿನ ತುದಿಯನ್ನು ಗಿರಾಕಿಯ ಕೈಗೇ ಕೊಟ್ಟುಬಿಡುವರು. "ನೀವ ಹಿಡಕೋರಿ" ಎಂದು ಕೆಳಗೆ ಕೂತು ಪಾದದ ಹತ್ತಿರದ ತುದಿ ನೋಡುವರು. ಊರಿನ ದೊಡ್ಡ ಸಾಹುಕಾರ ಬಂದರೂ ಅಷ್ಟೇ, ಹಮಾಲಿ ಮಾಡುವವನು ಬಂದರೂ ಅಷ್ಟೇ. ನಾವು ಒಳಗೊಳಗೆ ನಗುತ್ತಿದ್ದೆವು. ಇದೇನು ಗಂಡಸರಿಗೆ ಇಷ್ಟೊಂದು ಕೇಳುವುದು, ಹೆಣ್ಣು ಕೇಳಿದ ಹಾಗೆ ಎಂದು. ಅದು ಅವರ ಕಿವಿಗೆ ಬಿದ್ದರೆ, "ಅಳತಿ ಕೇಳಿ ತಗೋಬೇಕು, ಕಸಗೋಬಾರದು, ಅಕಲ್ ಐತೇನು ನಿಮಗ?" ಎಂದು ಬೈಯುವರು.

ಇನ್ನೊಂದು ಅವರ ಹಟ. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನೋಡುವ ಗೊಂಬೆ ಇಡಲು ಒಪ್ಪುತ್ತಿರಲಿಲ್ಲ. "ಕಟ್ಟಿಗಿ ಉಸರಾಡತೈತೇನು? ಉಸರಾಡದ ಮೈಗೆ ಅಂಗಿ ಹೆಂಗ ಕೂಡತೈತಿ ಅಂತ ಯಾರಿಗೆ ಗೊತ್ತು?" ಎನ್ನುತ್ತಿದ್ದರು. ಹಾಗಾಗಿ ಅರ್ಧ ಹೊಲಿದ ಬಟ್ಟೆಯನ್ನು ಅಂಗಡಿಯ ಕೆಲಸಗಾರರೇ ತೊಟ್ಟು ತೋರಿಸಬೇಕು. ಅದಕ್ಕೆ ಟ್ರಯಲ್ ಎನ್ನುತ್ತಿದ್ದೆವು. ನನ್ನ ದುರ್ದೈವಕ್ಕೆ ನನ್ನ ಮೈ ಎಲ್ಲರ ಅಳತೆಗೂ ಹತ್ತಿರದ ಮೈ. ಎಡಭುಜ ಸ್ವಲ್ಪ ಇಳಿದಿದೆ ಎನ್ನುವುದೊಂದು ಬಿಟ್ಟರೆ ಮಾಸ್ತರರ ಲೆಕ್ಕದಲ್ಲಿ ನಾನು ಪಕ್ಕಾ ಗೊಂಬೆ. ಬಂದ ಹೊಸದರಲ್ಲಿ ನನಗೆ ಅದೇ ಒಂದು ಹೆಮ್ಮೆ. ಎಷ್ಟೋ ಮದುಮಕ್ಕಳ ಸೂಟು ಅವರಿಗಿಂತ ಮೊದಲು ನಾನು ತೊಟ್ಟಿದ್ದೇನೆ.

ಪ್ಯಾಂಟು ಹೊಲಿಯುವವನನ್ನು ಎಲ್ಲರೂ ಪ್ಯಾಂಟಿನಣ್ಣ ಎನ್ನುತ್ತಿದ್ದರು. ಕುಷ್ಟಗಿ ಕಡೆಯವನು, ನನಗಿಂತ ಹತ್ತಾರು ವರ್ಷ ದೊಡ್ಡವನು, ಮದುವೆಯಾಗಿ ಮಕ್ಕಳಿದ್ದವನು. ಕೈ ಬಹಳ ಚೊಕ್ಕ. ಮಾತು ಇನ್ನೂ ಚೊಕ್ಕ. ತನ್ನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದ. ಮಷೀನಿನ ಸೂಜಿ ಮುರಿದರೆ ತಾನೇ ಎದ್ದು ಬಂದು ಹಾಕಿಕೊಡುತ್ತಿದ್ದ. ನಮ್ಮ ಕಡೆ ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ಬಜಾರ ಸುತ್ತುವುದು, ಒಂದೇ ಗಂಗಾಳದಲ್ಲಿ ಉಣ್ಣುವುದು ಇದ್ದದ್ದೇ. ಅದರಲ್ಲಿ ಯಾರೂ ಏನೂ ಹುಡುಕುವುದಿಲ್ಲ. ನಾನೂ ಹುಡುಕಲಿಲ್ಲ.

ಆದರೆ ಟ್ರಯಲ್ ಹೊತ್ತಿಗೆ ಅವನ ಕೈ ಬೇರೆಯಾಗತೊಡಗಿತು. ಹೊಲಿಗೆ ನೋಡುವ ಕೈ ಹೊಲಿಗೆಯ ಮೇಲೆ ಓಡುತ್ತದೆ, ಇದು ನಿಲ್ಲುತ್ತಿತ್ತು. ನಾನು ಸರಿದರೆ, "ಏ ನಿಲ್ಲೋ, ಸುಕ್ಕು ನೋಡಾಕತ್ತೀನಿ" ಎನ್ನುವನು. ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. ಆಮೇಲೆ ಫೋನಿಗೆ ಮೆಸೇಜು ಶುರುವಾದವು. ಊಟ ಆತೇನ, ಏನ ಮಾಡಾಕತ್ತಿ, ನಿನ್ನ ನೆನಪ ಬಂತು. ಉತ್ತರ ಕೊಡುವುದನ್ನು ಬಿಟ್ಟೆ. ಅವನು ಬಿಡಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಮಾಸ್ತರರು ನಮಾಜಿಗೆ ಹೋಗಿದ್ದರು, ಅಂಗಡಿಯ ಇಸ್ತ್ರಿಯವನು ಚಹಾಕ್ಕೆ ಹೋಗಿದ್ದ. ಟ್ರಯಲ್‌ಗೆಂದು ಕಟ್ಟಿದ್ದ ಪರದೆಯ ಹಿಂದೆ ನಾನು ಗುಂಡುಪಿನ್ನು ಚುಚ್ಚಿದ ಪ್ಯಾಂಟು ತೊಟ್ಟು ನಿಂತಿದ್ದೆ. ಅವನು ಒಳಗೆ ಬಂದು ಹಿಂದಿನಿಂದ ತಬ್ಬಿ ಹಿಡಿದ. "ಯಾರಿಗೂ ಗೊತ್ತಾಗೂದಿಲ್ಲ ಬಿಡೋ" ಎಂದ. ಮೊಳಕೈಯಿಂದ ದೂಡಿದೆ. ಪಿನ್ನುಗಳು ನನ್ನ ತೊಡೆಗೇ ಚುಚ್ಚಿಕೊಂಡವು. ಅವನು ಏನೂ ಆಗದವನ ಹಾಗೆ ಹೋಗಿ ಮಷೀನು ತುಳಿಯತೊಡಗಿದ. ನನಗೆ ಸಿಟ್ಟು ಬಂದಿತ್ತು, ಹೇಸಿಗೆಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ತಪ್ಪು ಮಾಡಿದವನು ಅವನು, ನಾಚಿಕೆ ನನಗೆ ಯಾಕೆ ಬಂತೋ ದೇವರೇ ಬಲ್ಲ.

ಜೊತೆಗೆ ರೂಮಿನಲ್ಲಿದ್ದ ಗೆಳೆಯನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಗಂಡಸಿಗೇನು ಆಗತೈತಲೇ? ಮೈ ಸವೀತೇನು ನಿಂದು?" ಎಂದ. ನಾಳೆ ಇಡೀ ಓಣಿ ಹೀಗೇ ನಗುತ್ತದೆ ಎನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಹೆಣ್ಣುಮಗಳಾದರೆ ಅಣ್ಣ ತಮ್ಮಂದಿರು ಬಡಿಗೆ ಹಿಡಿದು ಬಂದಾರು. ಮೀಸೆ ಬಂದ ಗಂಡಸು ಯಾರ ಮುಂದೆ ಹೋಗಿ ಅಳಬೇಕು ಹೇಳಿ?

ಹೇಳುವ ದಾರಿ ಇಲ್ಲವೆಂದು ಟ್ರಯಲ್ ತಪ್ಪಿಸಲು ಶುರುಮಾಡಿದೆ. ತಲೆನೋವು ಎಂದೆ, ಹೊಟ್ಟೆನೋವು ಎಂದೆ. ಹಾಗೆ ತಪ್ಪಿಸಿದ್ದರಲ್ಲೇ ಯಾರೋ ಮದುಮಗನ ಪ್ಯಾಂಟು ಟ್ರಯಲ್ ಇಲ್ಲದೆ ಹೊರಗೆ ಹೋಯಿತು. ಕುಂಡೆಯ ಹತ್ತಿರ ಬಿಗಿಯಾಗಿ, ಅಕ್ಷತೆಯ ಹೊತ್ತಿಗೆ ಪಟ್ ಎಂದು ಬಿಚ್ಚಿಕೊಂಡಿತಂತೆ. ಮದುಮಗನ ಮಾವ ಅಂಗಡಿಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಮಾಸ್ತರರಿಗೆ ಜೀವಮಾನದಲ್ಲೇ ಆಗದ ಅವಮಾನ. ಅವನು ಹೋದ ಮೇಲೆ ಎಲ್ಲರ ಎದುರಿಗೆ ನನ್ನ ಮೇಲೆ ಹರಿಹಾಯ್ದರು. "ಸೊಕ್ಕ ಬಂತೇನಲೇ? ಕಟಿಂಗ್ ಕಲಸ್ತೀನಿ ಅಂದಿದ್ದಕ್ಕ ಈಗ ಮಾಲಕ ಆಗಿಬಿಟ್ಟೀಯೇನು? ಟ್ರಯಲ್‌ಗೆ ನಿಲ್ಲಾಕ ನಿನ್ನ ಮರ್ಯಾದಿ ಹೋಗತೈತೇನು?"

ಪ್ಯಾಂಟಿನಣ್ಣ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಅವನ ಮಷೀನಿನ ಸದ್ದು ಕೇಳಿ ನನ್ನ ನೆತ್ತಿ ಉರಿದುಹೋಯಿತು. "ನಾ ಕೆಲಸ ಬಿಡತೀನ್ರಿ" ಎಂದೆ.

"ಯಾಕ?"

"ಸುಮ್ನ ರಿ."

"ಸುಮ್ನ ಯಾರೂ ಬಿಡೂದಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಮಾಸ್ತರರು, "ಆತು, ಮಧ್ಯಾಹ್ನ ಬಾ. ಅಂಗಿ ಅಳತಿ ಕೊಟ್ಟು ಹೋಗು" ಎಂದರು. ಅದು ಆ ಅಂಗಡಿಯ ರೂಢಿ. ಕೆಲಸ ಬಿಟ್ಟು ಹೋಗುವವನು ಜಗಳ ಮಾಡಿಕೊಂಡು ಹೋದರೂ ಮಾಸ್ತರರ ಕೈಯ ಒಂದು ಹೊಸ ಅಂಗಿ ತೊಟ್ಟೇ ಹೋಗಬೇಕು. ಬರಿಮೈಯಲ್ಲಿ ಕಳಿಸಿದರೆ ಅಂಗಡಿಗೆ ಒಳ್ಳೆಯದಲ್ಲ ಎಂದು ಅವರಿಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರಂತೆ.

ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಹೋದೆ. ಮಾಸ್ತರರು ಟೇಪು ತೆಗೆದರು. "ಭುಜಾ ತಗೋಲೇನು?" ಹೂಂ ಎಂದೆ. "ಎದಿ?" ಹೂಂ. "ಸೊಂಟಾ?" ಎನ್ನುತ್ತ ಅವರು ಹಿಂದಕ್ಕೆ ಬಂದರು. ಅವರ ಕೈ ಇನ್ನೂ ಅಂಗಿಗೆ ತಾಗಿರಲಿಲ್ಲ, ನಾನು ಹಾರಿ ಗೋಡೆಗೆ ಬಡಿದುಕೊಂಡೆ. ಬೇಕೆಂದು ಹಾರಿದ್ದಲ್ಲ, ಮೈ ತಾನೇ ಹಾರಿತು.

ಮಾಸ್ತರರು ಟೇಪು ಹಿಡಿದು ಹಾಗೇ ನಿಂತರು. ಅವರ ಮುಖ ಕಪ್ಪಿಟ್ಟಿತು.

"ನನ್ನ ಕೈಗೆ ಇಲ್ಲೀತನಕ ಯಾರೂ ಹಿಂಗ ಬೆದರಿಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಯಾರು?"

ನಾನು ಪರದೆಯ ಕಡೆ ನೋಡಿದೆ. ಪಕ್ಕದಲ್ಲಿದ್ದ ಪ್ಯಾಂಟಿನ ಮಷೀನನ್ನು ನೋಡಿದೆ. ಅವರಿಗೆ ತಿಳಿಯಿತು. ಟೇಪನ್ನು ನನ್ನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತು, "ಹೇಳು ತಮ್ಮಾ" ಎಂದರು. ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಎಲ್ಲ ಹೇಳಿದೆ. ಇವರೂ ನಗುತ್ತಾರೇನೋ ಎಂದು ಮುಖವನ್ನೇ ನೋಡುತ್ತಿದ್ದೆ. ನಗಲಿಲ್ಲ. ಗಂಡಸಿಗೇನಾಗುತ್ತದೆ ಎನ್ನಲೂ ಇಲ್ಲ.

"ಬ್ಯಾಡ ಅಂದೀಯೇನು?"

"ದೂಡಿದೆ ರಿ."

"ಬಾಯಿಲೆ?"

"ಅನ್ನಲಿಲ್ರಿ. ಬಾಯಿ ಬರಲಿಲ್ಲ."

"ದೂಡಿದ್ದೂ ಮಾತ ಐತಿ. ತಿಳಕೊಳ್ಳೋನಿಗೆ ಅಷ್ಟ ಸಾಕಾಗಿತ್ತು. ಆದರೂ ನಾಳೆ ಬಾಯಿಲೆ ಅಂದುಬಿಡು, ನೀನು ಆ ಮಾತು ಹೊಟ್ಟ್ಯಾಗ ಇಟ್ಕೊಂಡು ತಿರಗಬಾರದು. ನಾ ಮಗ್ಗಲಕ ನಿಂತಿರತೀನಿ." ಎದ್ದು ನಿಂತು ಹೇಳಿದರು, "ಮುಂಜಾನೆ ಸೊಕ್ಕ ಅಂದೆ ನಿನಗ. ಅದನ್ನ ವಾಪಸ್ ತಗೊಂಡೆ."

ಮರುದಿನ ಇಸ್ತ್ರಿಯವನನ್ನು ಏನೋ ನೆಪ ಹೇಳಿ ಬಜಾರಕ್ಕೆ ಅಟ್ಟಿದರು. ಪ್ಯಾಂಟಿನಣ್ಣನನ್ನು ಕರೆದು ನನ್ನ ಎದುರು ನಿಲ್ಲಿಸಿದರು. ಹೇಗೋ ಹೇಳಿದೆ, "ಅಣ್ಣಾ, ನನ್ನ ಮೈ ಮುಟ್ಟಬ್ಯಾಡ್ರಿ. ಮೆಸೇಜೂ ಮಾಡಬ್ಯಾಡ್ರಿ. ನನಗ ಅದು ಬ್ಯಾಡ."

ಅವನು ಮೊದಲು ನಕ್ಕ. "ಏ, ಚ್ಯಾಷ್ಟಿ ಮಾಡಿದ್ನಿ ಮಾಸ್ತರ್ರ. ಫಿಟ್ಟಿಂಗ್ ನೋಡಾಕ ಹೋಗಿ..."

"ಫಿಟ್ಟಿಂಗ್ ಪ್ಯಾಂಟಿಂದು ನೋಡಬೇಕು" ಎಂದರು ಮಾಸ್ತರರು.

ಅವನ ನಗು ನಿಂತಿತು. "ಮನಿಗೆ ಗೊತ್ತಾದ್ರ ನಾ ಉಳಿಯೂದಿಲ್ರಿ. ಊರಾಗ ಹೇಳಬ್ಯಾಡ್ರಿ" ಎಂದು ಮಾಸ್ತರರ ಕಾಲಿಗೆ ಬಗ್ಗಿದ. ಅವರು ಹಿಂದೆ ಸರಿದರು.

"ನಾ ಯಾರಿಗೂ ಹೇಳೂದಿಲ್ಲ. ನಿನ್ನ ಮನಸು ಯಾರ ಮ್ಯಾಲ ಹೋಗತೈತಿ ಅನ್ನೂದು ನಿಂದು, ಆ ಅಲ್ಲಾಹಂದು. ನನಗ ಅದರ ಪಂಚಾಯ್ತಿ ಬ್ಯಾಡ. ಕೈ ಎಲ್ಲಿ ಹೋಗತೈತಿ ಅನ್ನೂದು ನನ್ನ ಅಂಗಡೀದು. ಒಲ್ಲೆ ಅಂದವನ ಮೈಮ್ಯಾಲ ಇನ್ನೊಮ್ಮೆ ಕೈ ಹೋತಂದ್ರ ನಿನಗ ಅಂಗಿನೂ ಹೊಲಿದು ಕೊಡೂದಿಲ್ಲ, ಬರಿಮೈಲೆ ಹೋಗತಿ."

ಹೊರಗಿನವರಿಗೆ ಇದು ದೊಡ್ಡ ಬೈಗುಳ ಎನ್ನಿಸಲಿಕ್ಕಿಲ್ಲ. ಆ ಅಂಗಡಿಯಲ್ಲಿ ದುಡಿದವನಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಅವನು ಆಗಲೆಂದು ತಲೆ ಆಡಿಸಿ ಹೋಗಿ ಮಷೀನಿಗೆ ಕೂತ. ಸಂಜೆಯವರೆಗೂ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಪಾಪ ಎನ್ನಿಸಿತೇ ಎಂದು ಕೇಳಬೇಡಿ. ಅವತ್ತು ಅನ್ನಿಸಲಿಲ್ಲ. ಎಷ್ಟೋ ವಾರಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಎಷ್ಟು ಮುಚ್ಚಿದರೂ ಇಸ್ತ್ರಿಯವನಿಗೆ ಏನೋ ವಾಸನೆ ಹತ್ತಿತು. ಒಂದು ದಿನ ಎಲ್ಲರೂ ಕೂತಿದ್ದಾಗ, "ಪ್ಯಾಂಟಿನಕ್ಕಾ, ಈ ಪ್ಯಾಂಟಿಗೆ ಇಸ್ತ್ರಿ ಹೊಡೀಲೇನು?" ಎಂದು ರಾಗ ಎಳೆದ. ಮಾಸ್ತರರು ಕತ್ತರಿಯನ್ನು ಮೇಜಿನ ಮೇಲೆ ಇಟ್ಟರು. ಕೆಲಸದ ನಡುವೆ ಅವರು ಕತ್ತರಿ ಇಡುವುದೇ ಅಪರೂಪ. "ಅವರಿಬ್ಬರದು ಮುಗದೈತಿ, ನಿಂದೇನು ಸುರುವಾತು? ಇನ್ನೊಮ್ಮೆ ಆ ಮಾತು ಬಂದ್ರ ಇಸ್ತ್ರಿ ಪೆಟಿಗಿ ತಗೊಂಡು ಬ್ಯಾರೆ ಅಂಗಡಿ ನೋಡಕೋ" ಎಂದರು. ಇಸ್ತ್ರಿಯವನು ಬಗ್ಗಿ ಇಸ್ತ್ರಿ ಹೊಡೆಯತೊಡಗಿದ. ಮಷೀನಿನ ಹಿಂದೆ ಪ್ಯಾಂಟಿನಣ್ಣ ತೋಳಿನಿಂದ ಮುಖ ಒರೆಸಿಕೊಂಡ.

ಆ ವಾರವೇ ಮಾಸ್ತರರು ನನ್ನನ್ನು ಕರೆದು, "ನಿಲ್ಲು, ಅಳತಿ ಕೊಡು" ಎಂದರು. ಬಿಟ್ಟುಹೋಗುವವನಿಗೆ ಹೊಲಿಯುವ ಅಂಗಿಯ ಅಳತೆ ಎಂದುಕೊಂಡೆ. "ನಾ ಹೋಗೂದಿಲ್ರಿ, ಇಲ್ಲೇ ಇರತೀನಿ" ಎಂದೆ. "ನಿನಗ ಯಾರು ಹೋಗಂದ್ರು? ಕಿನ್ನಾಳಕ್ಕ ಹೊಂಟೀನಿ, ಗೊಂಬಿ ಮಾಡಿಸಾಕ" ಎಂದರು.

ಕಿನ್ನಾಳ ನಮ್ಮಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಹಗುರ ಕಟ್ಟಿಗೆಯಲ್ಲಿ ದೇವರ ಮೂರ್ತಿ, ಬಣ್ಣದ ಗೊಂಬೆ ಮಾಡುವವರ ಊರು. ಗೊಂಬೆಗೆ ಉಸಿರಿಲ್ಲ ಎಂದು ಜೀವಮಾನವೆಲ್ಲ ವಾದ ಮಾಡಿದ ಮನುಷ್ಯ ಈಗ ಗೊಂಬೆ ಮಾಡಿಸಲು ಹೊರಟಿದ್ದರು. "ಭುಜಾ ತಗೋಲೇನು?" ಎಂದರು. ಹೂಂ. "ಎದಿ?" ಹೂಂ. "ಸೊಂಟಾ?" ಎಂದು ಕೇಳಿ, ನಾನು ಹೂಂ ಎನ್ನುವವರೆಗೆ ಕಾದರು. ನಾನು ಬಹಳ ಹೊತ್ತು ತೆಗೆದುಕೊಂಡೆ. ಅವರು ಕಾದರು. ಹೂಂ ಎಂದೆ. ಟೇಪು ಸುತ್ತಿಬಂತು. ಮೈ ಹಾರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನು ನೋಡಿಯೂ ನೋಡದವರ ಹಾಗೆ, "ಎಡಭುಜಾ ಇಳದೈತಿ, ಅದನ್ನೂ ಹಂಗ ಮಾಡಿಸ್ತೀನಿ. ನೆಟ್ಟಗಿರೋ ಮನಶ್ಯಾರು ನಮ್ಮ ಅಂಗಡಿಗೆ ಎಲ್ಲಿ ಬರತಾರ?" ಎಂದರು.

ಗೊಂಬೆ ಬಂತು. ತಲೆ ಇಲ್ಲ, ಕೈ ಇಲ್ಲ. ಕುತ್ತಿಗೆಯಿಂದ ಮೊಣಕಾಲಿನವರೆಗೆ ನಾನೇ. ಮಾಡಿದವನು ತಡೆಯಲಾಗದೆ ಕುತ್ತಿಗೆಗೊಂದು ಕೆಂಪು ಹಳದಿ ಪಟ್ಟೆ ಬಳಿದು ಕಳಿಸಿದ್ದ. ಮಾಸ್ತರರು ದಿನಾ ಅದಕ್ಕೆ ಬೈಯುವರು. "ಉಸರಾಡೂದಿಲ್ಲ, ಏನಿಲ್ಲ, ಹೆಣದಂಗ ನಿಂತೈತಿ ನೋಡು." ಬೈಯುತ್ತಲೇ ಅದಕ್ಕೆ ಅಂಗಿ ತೊಡಿಸುವರು. ಅಂದಿನಿಂದ ಅಂಗಡಿಯಲ್ಲಿ ಯಾರೂ ಟ್ರಯಲ್‌ಗೆ ನಿಲ್ಲಬೇಕಾಗಲಿಲ್ಲ.

ಆ ದಸರೆಗೆ ಬನ್ನಿ ಕೊಡುವ ಹೊತ್ತು ಬಂತು. ನಮ್ಮ ಕಡೆ ಬನ್ನಿ ಎಲೆ ಕೊಟ್ಟು ಗಂಡಸರು ಎದೆಗೆ ಎದೆ ಹಚ್ಚಿ ತಬ್ಬಿಕೊಳ್ಳುತ್ತಾರೆ. ಕೊಡದೆ ಉಳಿದರೆ ಊರೇ ಗಮನಿಸುತ್ತದೆ. ಅಂಗಡಿಯಲ್ಲಿ ಮಾಸ್ತರರೂ ಎಲ್ಲರಿಗೂ ಬನ್ನಿ ಕೊಟ್ಟರು. ಪ್ಯಾಂಟಿನಣ್ಣ ಎಲೆ ಹಿಡಿದು ಬಾಗಿಲಲ್ಲೇ ನಿಂತಿದ್ದ, ನನ್ನ ಹತ್ತಿರ ಬರಲಿಲ್ಲ. ಕೊನೆಗೆ ನಾನು ನಿಂತಲ್ಲಿಂದಲೇ ಕೈ ಚಾಚಿದೆ. ಅವನು ಬೆರಳ ತುದಿಯಿಂದ ಎಲೆ ಇಟ್ಟು, "ಬಂಗಾರದಂಗ ಇರೂಣು" ಎಂದು ಹಿಂದೆ ಸರಿದ. "ಇರೂಣ್ರಿ" ಎಂದೆ. ನಮ್ಮಿಬ್ಬರ ನಡುವೆ ಅಷ್ಟು ಸಾಕಾಗಿತ್ತು. ಆಮೇಲೆಯೂ ಅವನು ಅಲ್ಲೇ ದುಡಿದ, ಒಂದು ದಿನವೂ ಕೈ ತಪ್ಪಲಿಲ್ಲ. ಕೆಲವು ವರ್ಷದ ಮೇಲೆ ಗಂಗಾವತಿಗೆ ಹೋದ, ಮಾಸ್ತರರ ಕೈಯ ಅಂಗಿ ತೊಟ್ಟುಕೊಂಡೇ ಹೋದ.

ದಸರೆ ಮುಗಿದ ಮರುದಿನ ಮಾಸ್ತರರು ಕತ್ತರಿ ನನ್ನ ಕೈಗೆ ಕೊಟ್ಟರು. ಮುಂದೆ ನಾನು ಯಲಬುರ್ಗಾದಲ್ಲಿ ಅಂಗಡಿ ಇಟ್ಟೆ. ರೆಡಿಮೇಡ್ ಕಾಲದಲ್ಲೂ ಹೊಟ್ಟೆ ಹೊರೆದುಕೊಂಡಿದ್ದೇನೆ.

ಮಾಸ್ತರರು ತೀರಿಕೊಂಡು ಎರಡು ಬಕ್ರೀದ್ ಆದವು. ಅವರ ಮಣ್ಣಿಗೆ ಹೋದಾಗ ಪ್ಯಾಂಟಿನಣ್ಣ ಗಂಗಾವತಿಯಿಂದ ಬಂದಿದ್ದ. "ಆರಾಮೇನಪಾ?" ಎಂದ. "ಆರಾಮ್ರಿ ಅಣ್ಣಾ" ಎಂದೆ. ಇಬ್ಬರೂ ಅತ್ತೆವು. ಅಂಗಡಿ ಮುಚ್ಚುವಾಗ ಅವರ ಮಗ ಗೊಂಬೆಯನ್ನು ನನಗೇ ಕಳಿಸಿದ. ಈಗ ನನಗೆ ಹೊಟ್ಟೆ ಬಂದಿದೆ, ಗೊಂಬೆ ಮಾತ್ರ ಇಪ್ಪತ್ನಾಲ್ಕರ ವಯಸ್ಸಿನಲ್ಲೇ ನಿಂತಿದೆ. ನಮ್ಮ ಅಂಗಡಿಯ ಕೆಲಸಗಾರರು ಅಳತೆ ತೆಗೆಯುವಾಗ ಗಿರಾಕಿಯನ್ನು ಕೇಳದಿದ್ದರೆ ನಾನೂ ಅಕಲ್ ಐತೇನು ಎಂದು ಬೈಯುತ್ತೇನೆ. ಅವರು ಒಳಗೊಳಗೆ ನಗುತ್ತಾರೆ, ನನಗೆ ಗೊತ್ತು.

ತೀರಿಕೊಳ್ಳುವ ಮುಂಚಿನ ರಂಜಾನಿನಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ಲಕ್ವಾ ಹೊಡೆದು ಎಡಗಡೆಯ ಮೈ ಬಿದ್ದುಹೋಗಿತ್ತು. ಬಲಗಿವಿ ಚಾಕಿನ ಗುರುತಿಲ್ಲದೆ, ತೊಳೆದಿಟ್ಟ ಹಾಗೆ ಕರ್ರಗೆ ಚೊಕ್ಕಟವಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹಬ್ಬದ ಜುಬ್ಬಾ ಈ ಸಲ ನಾನು ಹೊಲಿಯುತ್ತೇನೆ ಎಂದೆ. ಅವರು ಕಣ್ಣಲ್ಲೇ ಹೂಂ ಎಂದರು. ಹಾಸಿಗೆಯ ಅಂಚಿಗೆ ಕೂಡಿಸಿದೆವು. ದಿನಾ ಯಾರ್ಯಾರೋ ಬಂದು ಎತ್ತುತ್ತಾರೆ, ಹೊರಳಿಸುತ್ತಾರೆ, ಒರೆಸುತ್ತಾರೆ. ಯಾರೂ ಕೇಳುವುದಿಲ್ಲ. ಕಾಯಿಲೆಯವರನ್ನು ಯಾರು ಕೇಳುತ್ತಾರೆ? ನಾನು ಟೇಪು ಬಿಚ್ಚಿದೆ.

"ಮಾಸ್ತರ್ರ, ಭುಜಾ ತಗೋಲೇನ್ರಿ?"

ಅವರು ನನ್ನ ಮುಖವನ್ನೇ ನೋಡಿದರು. ಹೂಂ ಎಂದರು.

"ಎದಿ?"

ಹೂಂ.

"ಸೊಂಟಾ?"

ಹೂಂ. ಜುಬ್ಬಾದ ಉದ್ದಕ್ಕೆ ಟೇಪಿನ ಮೇಲಿನ ತುದಿಯನ್ನು ಅವರ ಬಲಗೈಗೆ ಕೊಟ್ಟು, "ನೀವ ಹಿಡಕೋರಿ" ಎಂದು ನೆಲಕ್ಕೆ ಕೂತೆ. ಗಟ್ಟಿಯಾಗಿ ಹಿಡಿದರು.

"ಎಡಭುಜಾ... ಇಳದೈತೇನು?" ಎಂದು ತೊದಲಿದರು.

"ಸ್ವಲ್ಪ ಇಳದೈತ್ರಿ."

"ಎಷ್ಟು?"

"ನನ್ನಷ್ಟ ರಿ" ಎಂದೆ.

ಮಾಸ್ತರರು ಅರ್ಧ ಬಾಯಲ್ಲಿ ನಕ್ಕರು. ಟೇಪಿನ ತುದಿ ಬಿಡಲಿಲ್ಲ.